ಕಿಟಕಿ ದಂಡೆಯ ಎರಡು ಕೊಳವೆಗಳು

“ಇದನ್ನು ಯಾರೂ ಮುಟ್ಟಬಾರದು, ಅಲುಗಿಸಬಾರದು,” ಎಂದು ಡಾಕ್ಟರ್ ಹೇಳಿದರು.

ಬೆರಳುದ್ದದ ಗಾಜಿನ ಕೊಳವೆ. ಅದರ ತಳದಲ್ಲಿ ನನ್ನ ಭಾವನ, ಅಂದರೆ ಅಕ್ಕನ ಗಂಡನ ರಕ್ತ. ನರ್ಸ್ ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕಿಟಕಿಯ ದಂಡೆಯ ಮೇಲೆ ಇಟ್ಟಳು. ಇಪ್ಪತ್ತು ನಿಮಿಷ ಹಾಗೆಯೇ ಬಿಡಬೇಕು, ಆಮೇಲೆ ವಾಲಿಸಿ ನೋಡಬೇಕು. ರಕ್ತ ಮೊಸರಿನ ಹಾಗೆ ಕೂತಿದ್ದರೆ ಸರಿ. ನೀರಿನ ಹಾಗೆ ಹರಿದರೆ ಹಾವಿನ ವಿಷ.

ನಮ್ಮ ಕಡೆಯಲ್ಲಿ ಈ ಪರೀಕ್ಷೆ ಗೊತ್ತಿಲ್ಲದ ಮನೆ ಕಡಿಮೆ. ಗೇರು ಗುಡ್ಡದಲ್ಲಿ, ರಬ್ಬರಿನ ಬುಡದಲ್ಲಿ, ಮುರಕಲ್ಲು ಕಡಿಯುವಲ್ಲಿ ದುಡಿಯುವವರು ಒಂದಲ್ಲ ಒಂದು ಸಲ ಯಾರನ್ನಾದರೂ ಎತ್ತಿಕೊಂಡು ಬಂದು ಇಂಥ ಕೊಳವೆಯ ಎದುರು ಕಾದವರೇ. ಆದರೆ ಅವರು ಕಾದದ್ದು ಹಾವು ಕಚ್ಚಿದ್ದು ಖಚಿತವಾಗಿದ್ದ ಮನುಷ್ಯರಿಗಾಗಿ. ಭಾವನ ಮಟ್ಟಿಗೆ ಖಚಿತವಿದ್ದದ್ದು ಒಂದೇ: ಅವರ ಹೃದಯ ಆ ಬೆಳಿಗ್ಗೆ ನಿಂತಿತ್ತು, ಈ ಆಸ್ಪತ್ರೆಗೆ ತಂದು ಎದೆಗೆ ಕರೆಂಟು ಕೊಟ್ಟ ಮೇಲೆ ಮತ್ತೆ ಹೊಡೆದುಕೊಳ್ಳತೊಡಗಿತ್ತು. ಅದು ಯಾಕೆ ನಿಂತಿತು ಎಂಬುದಕ್ಕೆ ಎರಡು ಕಾರಣಗಳಿದ್ದವು, ಎರಡಕ್ಕೂ ಮದ್ದು ಬೇರೆ. ಹಾವಿನ ವಿಷವಾದರೆ ಇಲ್ಲೇ, ಈಗಲೇ ವಿಷ ಇಳಿಸುವ ಇಂಜೆಕ್ಷನ್. ಹೃದಯದ ರಕ್ತನಾಳ ಕಟ್ಟಿದ್ದಾದರೆ ಮಂಗಳೂರು, ಅಲ್ಲಿ ರಕ್ತ ತೆಳು ಮಾಡುವ ಮದ್ದು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಮನುಷ್ಯ ಉಳಿಯಲಿಕ್ಕಿಲ್ಲ.

“ಹಾವನ್ನು ಕಂಡದ್ದು ಯಾರು?” ಎಂದು ಡಾಕ್ಟರ್ ಕೇಳಿದರು.

ಅಕ್ಕ ನನ್ನತ್ತ ಕೈ ತೋರಿಸಿದಳು.

*

ಆ ಬೆಳಿಗ್ಗೆಯನ್ನು ಹಲವು ಸಲ ಬರೆದಿದ್ದೇನೆ. ಪ್ರತಿ ಸಲವೂ ನೆಲದ ಮೇಲೆ ಕಂಡದ್ದು ಬೇರೆಯಾಗಿ ಬಂದಿದೆ. ಅದರ ಹೊರತಾಗಿ ಉಳಿದದ್ದನ್ನು ಮೊದಲು ಹೇಳುತ್ತೇನೆ.

ಭಾವನಿಗೆ ಕುಂಬ್ಡಾಜೆಯ ಇಳಿಜಾರಿನಲ್ಲಿ ಒಂದಿಷ್ಟು ರಬ್ಬರ್ ಉಂಟು. ಟ್ಯಾಪಿಂಗಿಗೆ ಜನ ಸಿಗದ ಮೇಲೆ ತಾನೇ ಕತ್ತಿ ಹಿಡಿದವರು. ನಸುಕಿಗೆ ಮರ ಗೀರಿ ಬಂದು, ತಿಂಡಿ ತಿಂದು, ಬಿಸಿಲು ಏರುವ ಹೊತ್ತಿಗೆ ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗಳಲ್ಲಿ ಕೂಡಿದ ರಬ್ಬರ್ ಹಾಲನ್ನು ಬಕೆಟಿಗೆ ಸುರಿದುಕೊಂಡು ಬರುವುದು ಅವರ ಕ್ರಮ. ನಾನು ಶಾಲೆಗೆ ರಜೆಯೆಂದು, ಬರೆಯುತ್ತಿದ್ದ ಪುಸ್ತಕವನ್ನೂ ಹಿಡಿದುಕೊಂಡು, ಅಕ್ಕನ ಮನೆಗೆ ಬಂದಿದ್ದೆ. ಇನ್ನೊಂದು ಬಕೆಟ್ ಹಿಡಿದು ಅವರ ಹಿಂದೆ ಹೊರಟೆ.

“ಎಂತ ಟೀಚರೇ, ಬಕೆಟ್ ಹಿಡಿದದ್ದು ಹಾಲಿಗಾ, ಪುಸ್ತಕಕ್ಕೆ ಬೇಕಾದ್ದು ಹೆಕ್ಕಲಿಕ್ಕಾ?” ಎಂದರು ಭಾವ.

“ಎರಡಕ್ಕೂ.”

“ಹಾಲಿಗೆ ಆಸಿಡ್ ಹಾಕಿದ್ರೆ ನಾಳೆ ರಬ್ಬರ್ ಶೀಟಾದ್ರೂ ಆಗ್ತದೆ. ನಿನ್ನ ಪುಸ್ತಕ ಒಣಗುದು ಯಾವಾಗ?”

ಅವರು ನಕ್ಕದ್ದು ನೆನಪಿದೆ. ನಗುತ್ತಲೇ ಎದೆಯನ್ನು ಒರಸಿಕೊಂಡರು ಎಂದೂ ನೆನಪಿದೆ. ಆದರೆ ಈ ಎರಡನೆಯದು ಆಮೇಲೆ ಸೇರಿಕೊಂಡದ್ದಿರಬಹುದು. ಹೃದಯದ ಕಾಯಿಲೆಯವರು ಎದೆ ಒರಸಿಕೊಳ್ಳುತ್ತಾರೆಂದು ಆಮೇಲೆ ಎಷ್ಟೋ ಜನ ನನಗೆ ಹೇಳಿದ್ದಾರೆ.

ರಸ್ತೆಯ ಪಕ್ಕದ ಸಾಲಿನಲ್ಲಿ ಅವರು ಬಿದ್ದರು. ಇದು ಗಟ್ಟಿ. ಬಕೆಟ್ ಮಗುಚಿತು, ಹಾಲು ಚೆಲ್ಲಿತು. ಇದೂ ಗಟ್ಟಿ. ಆಗಲೇ ಒಣಗಿದ ಎಲೆಗಳ ನಡುವೆ ಏನೋ ಸರಿಯಿತು, ಇಳಿಜಾರಿನತ್ತ, ನಾಗಬನದ ಕಡೆಗೆ. ಸರಿದದ್ದು ಏನೆಂದು ನನಗೆ ಗೊತ್ತಿಲ್ಲ. ನಾನು ಕಿರುಚಿದೆ.

ಬೇಲಿಯಾಚೆಯಿಂದ ನೆರೆಮನೆಯವನು ಹಾರಿ ಬಂದ. ಗಲ್ಫಿನಲ್ಲಿ ಕಂಪೆನಿಯೊಂದರಲ್ಲಿ ಬಹಳ ವರ್ಷ ದುಡಿದು, ಈಗ ಊರಲ್ಲಿ ಜೀಪು ಬಾಡಿಗೆಗೆ ಓಡಿಸುವವನು. ಮನೆಯಲ್ಲಿ ಮಾತಾಡುವುದು ಬ್ಯಾರಿ ಭಾಷೆ, ನಮ್ಮೊಡನೆ ಕನ್ನಡ. ಭಾವನ ಕುತ್ತಿಗೆಗೆ ಬೆರಳಿಟ್ಟ, ಮೂಗಿನ ಹತ್ತಿರ ಕೆನ್ನೆ ಇಟ್ಟ, ಮೊಣಕಾಲೂರಿ ಎದೆಯನ್ನು ಎರಡೂ ಕೈಗಳಿಂದ ಒತ್ತತೊಡಗಿದ. ಅವನ ಕಂಪೆನಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಸಾಲಾಗಿ ಕೂರಿಸಿ ಬೊಂಬೆಯ ಮೇಲೆ ಇದನ್ನು ಮಾಡಿಸುತ್ತಿದ್ದರಂತೆ. ಒತ್ತುವಾಗ ಅವನು ಹಿಂದಿಯಲ್ಲಿ ಎಣಿಸುತ್ತಿದ್ದ.

ಅಕ್ಕ ಓಡಿ ಬಂದವಳು ಗಂಡನ ಮುಖ ನೋಡಲಿಲ್ಲ, ಕಾಲು ನೋಡಿದಳು. ಹಿಮ್ಮಡಿಯ ಮೇಲೆ ಎರಡು ಕೆಂಪು ಚುಕ್ಕೆಗಳಿದ್ದವು.

“ಹೇಳಿದ್ದೆ ನಾನು, ಬನದ ಕರೆ ಕಡೀಬೇಡಿ ಅಂತ! ಕೇಳಿದ್ರಾ? ದಾರಿ ಆಗ್ಬೇಕಂತೆ, ದಾರಿ!” ಎನ್ನುತ್ತ ಅವರ ಹೆಗಲ ಮೇಲಿನ ಬೈರಾಸು ಟವಲನ್ನು ಎಳೆದು ಮೊಣಕಾಲಿನ ಕೆಳಗೆ ಬಿಗಿಯತೊಡಗಿದಳು. ನಾಗಬನದ ಅಂಚಿನ ಪೊದೆಗಳನ್ನು ಭಾವ ಆ ತಿಂಗಳಷ್ಟೇ ಸವರಿಸಿದ್ದರು.

“ಅಕ್ಕ, ಕಾಲು ಅಲ್ಲಿರ್ಲಿ! ಅಣ್ಣನಿಗೆ ಉಸಿರೇ ಇಲ್ಲ,” ಎಂದು ನೆರೆಯವನು ಒತ್ತುವುದನ್ನು ನಿಲ್ಲಿಸದೆ ಕೂಗಿದ. “ಜೀಪಿನ ಚಾವಿ ನನ್ನ ಕಿಸೆಯಲ್ಲಿ ಉಂಟು. ಟೀಚರೇ, ನಿಮಗೆ ಕಾರು ಬಿಡ್ಲಿಕ್ಕೆ ಬರ್ತದಲ್ಲ?”

“ಕಾರು ಬರ್ತದೆ.”

“ಜೀಪೂ ಅದೇ. ಗೇರು ಸ್ವಲ್ಪ ಗಟ್ಟಿ, ಅಷ್ಟೇ.”

ಹಿಂದಿನ ಸೀಟುಗಳ ನಡುವೆ ಭಾವನನ್ನು ಮಲಗಿಸಿ ಅವನು ಒತ್ತುತ್ತಲೇ ಇದ್ದ. ತಿರುವುಗಳಲ್ಲಿ ಜೀಪು ನರಳುವಾಗ ಎಣಿಕೆಯ ನಡುವೆಯೇ “ಸೆಕೆಂಡಿಗೆ ಹಾಕಿ, ಸೆಕೆಂಡಿಗೆ!” ಎನ್ನುತ್ತಿದ್ದ. ಅಕ್ಕ ಬೈರಾಸಿನ ಗಂಟನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು, ಬಿಟ್ಟರೆ ವಿಷ ಮೇಲೇರುತ್ತದೆ ಎಂಬಂತೆ.

*

ಡಾಕ್ಟರ್ ದಕ್ಷಿಣ ಕೇರಳದ ಕಡೆಯ ಯುವತಿ. ಅರ್ಧ ಮಲಯಾಳ, ಅರ್ಧ ಇಲ್ಲಿ ಬಂದು ಕಲಿತ ಕನ್ನಡ. ಅವರ ಮಾತನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಹಾಗಾಗಿ ಇಲ್ಲಿ ಅವರು ನಿಜಕ್ಕಿಂತ ಸರಾಗವಾಗಿ ಮಾತಾಡುತ್ತಾರೆ.

“ನೀವು ಕಂಡಿರಾ?” ಎಂದು ಅವರು ನನ್ನನ್ನು ಕೇಳಿದರು.

“ಏನೋ ಸರಿದದ್ದು ಕಂಡೆ. ಹಾವು ಅಂತ ಹೇಳ್ಲಿಕ್ಕೆ ಆಗುವುದಿಲ್ಲ.”

“ಹೇಳ್ಲಿಕ್ಕೆ ಆಗುದಿಲ್ವಾ?” ಎಂದಳು ಅಕ್ಕ. “ಮತ್ತೆ ಸರಿದದ್ದು ಎಂತ, ನಿನ್ನ ಪುಸ್ತಕವಾ? ಕಾಲಿನಲ್ಲಿ ಹಲ್ಲಿನ ಗುರುತು ಉಂಟು, ಡಾಕ್ಟರೇ. ಅವಳು ಹಾಗೆಯೇ. ಮಳೆ ಬಂದ್ರೂ ಬಂದಿರಬಹುದು ಅಂತಾಳೆ.”

ಡಾಕ್ಟರ್ ನಗಲಿಲ್ಲ. ಸೂಜಿ ಚುಚ್ಚಿದ ಕಡೆಗಳಲ್ಲೆಲ್ಲ ಭಾವನ ರಕ್ತ ಒಸರುತ್ತಲೇ ಇತ್ತು, ಹತ್ತಿ ಒತ್ತಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಒಸಡಿನಲ್ಲೂ ರಕ್ತ. ಇಸಿಜಿಯಲ್ಲಿ ಹೃದಯದ ನಾಳ ಕಟ್ಟಿದ ಗುರುತು ಇದೆ, ಆದರೆ ನಿಂತ ಹೃದಯ ಹೊರಟ ಕೂಡಲೇ ತೆಗೆದ ಇಸಿಜಿಯನ್ನು ಪೂರ್ತಿ ನಂಬುವ ಹಾಗಿಲ್ಲ ಎಂದರು. ವೆಂಟಿಲೇಟರ್ ಇರುವ ಆಂಬುಲೆನ್ಸಿಗೆ ಹೇಳಿ ಆಗಿತ್ತು, ಅದು ಬರುವ ತನಕ ಒಬ್ಬಳು ನರ್ಸ್ ಕೈಯಲ್ಲೇ ಚೀಲ ಹಿಚುಕಿ ಭಾವನಿಗೆ ಉಸಿರು ಕೊಡುತ್ತಿದ್ದಳು. ನೀಲಿ ಮುಚ್ಚಳದ ಸಣ್ಣ ಕೊಳವೆಯೊಂದರಲ್ಲಿ ರಕ್ತ ಲ್ಯಾಬಿಗೆ ಹೋಯಿತು. ಅದರಲ್ಲಿ ಮೊದಲೇ ಒಂದು ದ್ರವ ಇರುತ್ತದೆ, ರಕ್ತ ಗೆರೆಯ ತನಕ ಸರಿಯಾಗಿ ತುಂಬದಿದ್ದರೆ ಫಲಿತಾಂಶ ತಪ್ಪುತ್ತದೆ ಎಂದು ಡಾಕ್ಟರ್ ಎರಡು ಸಲ ಹೇಳಿದರು. ಆ ಫಲಿತಾಂಶ ಬರಲು ಹೊತ್ತು ಬೇಕು. ಅಷ್ಟರೊಳಗೆ ಏನಾದರೂ ಹೇಳಬಲ್ಲದ್ದು ಕಿಟಕಿ ದಂಡೆಯ ಗಾಜಿನ ಕೊಳವೆ ಮಾತ್ರ.

ನರ್ಸ್ ಫ್ರಿಜ್ಜಿನಿಂದ ವಿಷದ ಮದ್ದಿನ ಬಾಟಲಿಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಅಕ್ಕ ಬಾಟಲಿಗಳನ್ನು ನೋಡುತ್ತ ಕೂತಳು, ನಾನು ಕೊಳವೆಯನ್ನು.

ಹೊತ್ತಾಯಿತು. ಡಾಕ್ಟರ್ ಕೊಳವೆಯನ್ನು ಎತ್ತಿ ನಿಧಾನವಾಗಿ ವಾಲಿಸಿದರು. ರಕ್ತ ಗಾಜಿನ ಗೋಡೆಯಲ್ಲಿ ಸಲೀಸಾಗಿ ಹರಿಯಿತು.

“ಕಂಡಿತಾ?” ಎಂದಳು ಅಕ್ಕ, ಗೆದ್ದವಳ ಧ್ವನಿಯಲ್ಲಿ. ಮರುಕ್ಷಣವೇ ಬಾಯಿಗೆ ಸೆರಗು ಒತ್ತಿಕೊಂಡಳು.

ಆ ಗಳಿಗೆಯಲ್ಲಿ ನನಗೂ ಹಾವು ಕಂಡಿತು. ಹರಿದ ರಕ್ತವನ್ನು ನೋಡುತ್ತಿದ್ದ ಹಾಗೆಯೇ ಎಲೆಗಳ ನಡುವೆ ಕಂದು ಬಣ್ಣದ ದಪ್ಪ ಮೈ, ಬೆನ್ನಿನ ಮೇಲೆ ಕಣ್ಣಿನಂಥ ಕಲೆಗಳು, ಕೊಳಕುಮಂಡಲ. ಎಷ್ಟು ಸ್ಪಷ್ಟ ಎಂದರೆ ಬಾಯಿ ತೆರೆದು ಹೇಳುವವಳಿದ್ದೆ. ತಡೆದದ್ದು ಒಂದೇ ಸಂಗತಿ. ಈ ಚಿತ್ರ ಅರ್ಧ ಗಂಟೆ ಹಿಂದೆ ನನ್ನ ಬಳಿ ಇರಲಿಲ್ಲ.

ನರ್ಸ್ ಒಂದು ಬಾಟಲಿಯ ಮುಚ್ಚಳಕ್ಕೆ ಕೈ ಹಾಕಿದಳು. ಡಾಕ್ಟರ್ “ನಿಲ್ಲು” ಎಂದರು.

“ಈ ಕೊಳವೆ ಹೊಸತಾ, ತೊಳೆದದ್ದಾ?”

ಹೊಸ ಪ್ಯಾಕೆಟ್ ಮುಗಿದಿತ್ತು, ಇದು ತೊಳೆದಿಟ್ಟದ್ದು ಎಂದಳು ನರ್ಸ್. ಗಾಜಿನಲ್ಲಿ ಸೋಪಿನ ಅಂಶ ಒಂದಿಷ್ಟು ಉಳಿದರೂ ಒಳ್ಳೆಯ ರಕ್ತ ಕೂಡ ಹೆಪ್ಪುಗಟ್ಟುವುದಿಲ್ಲವಂತೆ. ಡಾಕ್ಟರ್ ಲ್ಯಾಬಿನಿಂದ ಹೊಸ ಕೊಳವೆಗಳನ್ನು ತರಿಸಿದರು. ಆಮೇಲೆ ನನ್ನತ್ತ ತಿರುಗಿದರು.

“ನಿಮ್ಮ ಕೈ ಕೊಡಿ.”

“ನನ್ನದಾ?”

“ಆರೋಗ್ಯ ಇರುವವರ ರಕ್ತ ಪಕ್ಕದಲ್ಲಿ ಬೇಕು. ಒಂದೇ ಹೊತ್ತು, ಒಂದೇ ತರದ ಗಾಜು. ನಿಮ್ಮದು ಕಟ್ಟದಿದ್ದರೆ ಗಾಜಿನ ತಪ್ಪು. ನಿಮ್ಮದು ಕಟ್ಟಿ ಅವರದ್ದು ಕಟ್ಟದಿದ್ದರೆ ಅವರ ರಕ್ತದ್ದೇ.”

ಕಿಟಕಿ ದಂಡೆಯ ಮೇಲೆ ಈಗ ಎರಡು ಕೊಳವೆಗಳು. ಒಂದರಲ್ಲಿ ಭಾವ, ಇನ್ನೊಂದರಲ್ಲಿ ನಾನು. ನೋಡಲು ವ್ಯತ್ಯಾಸವೇ ಇರಲಿಲ್ಲ.

ಅಕ್ಕನಿಗೆ ತಾಳ್ಮೆ ಹೋಗಿತ್ತು. “ಇನ್ನೂ ಇಪ್ಪತ್ತು ನಿಮಿಷವಾ? ಮದ್ದು ಅಲ್ಲೇ ಉಂಟಲ್ಲ! ಕೊಟ್ರೆ ಎಂತ ಆಗ್ತದೆ?”

ಡಾಕ್ಟರ್ ಅವಳ ಪಕ್ಕ ಬೆಂಚಿನಲ್ಲೇ ಕೂತರು. ಆ ಮದ್ದು ಕುದುರೆಯ ರಕ್ತದಿಂದ ತಯಾರಾದದ್ದು, ಕೆಲವರ ಮೈಗೆ ಹಿಡಿಸದೆ ಬಿಪಿ ಒಮ್ಮೆಲೇ ಕುಸಿಯುತ್ತದೆ ಎಂದರು. ಗಟ್ಟಿ ಹೃದಯವಾದರೆ ಸಂಭಾಳಿಸಬಹುದು, ಈಗಷ್ಟೇ ನಿಂತು ಹೊರಟ ಹೃದಯ ತಡೆಯಲಿಕ್ಕಿಲ್ಲ. ವಿಷವೆಂದು ಖಚಿತವಾದರೆ ಆ ಅಪಾಯಕ್ಕೂ ಕೈ ಹಾಕುತ್ತೇನೆ ಎಂದರು.

“ರಕ್ತ ನೀರಾಗಲಿಕ್ಕೆ ಹಾವೇ ಬೇಕೂಂತ ಇಲ್ಲ, ಅಮ್ಮ. ಹೃದಯ ನಿಂತರೂ ಆಗ್ತದೆ.”

ಅದು ಹೇಗೆ ಎಂದು ಅವರು ಹೇಳಿದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಹೃದಯ ನಿಂತಾಗ ಮೈಗೆ ಉಸಿರಿಲ್ಲ. ರಕ್ತನಾಳಗಳ ಒಳಮೈಗೆ ಪೆಟ್ಟಾಗುತ್ತದೆ. ಮೊದಲು ರಕ್ತ ಅಲ್ಲಲ್ಲಿ, ಬೇಡದ ಕಡೆಗಳಲ್ಲಿ, ಸಣ್ಣ ಸಣ್ಣದಾಗಿ ಹೆಪ್ಪುಗಟ್ಟುತ್ತದೆ. ಹೆಪ್ಪು ಹಾಕಲು ಬೇಕಾದ ಸಾಮಗ್ರಿಯೆಲ್ಲ ಅಲ್ಲೇ ಖರ್ಚು. ಅದರ ಮೇಲೆ ಹೆಪ್ಪನ್ನು ಕರಗಿಸುವ ಪದಾರ್ಥವನ್ನೂ ಮೈ ಒಮ್ಮೆಲೇ ಬಿಟ್ಟುಬಿಡುತ್ತದೆ. ಹಾಗಾಗಿ ಒಬ್ಬನೇ ಮನುಷ್ಯನಲ್ಲಿ ಒಳಗೆ ಬೇಡದಲ್ಲಿ ಕಟ್ಟಿರುತ್ತದೆ, ಹೊರಗೆ ಬೇಕಾದಲ್ಲಿ ಕಟ್ಟುವುದಿಲ್ಲ.

ಅಕ್ಕ ಕೇಳಿಸಿಕೊಂಡಳು. “ಹಾವಿನ ವಿಷವೂ ಹಾಗೇ ಅಲ್ವಾ ಮಾಡುದು?” ಎಂದಳು.

“ಹೌದು,” ಎಂದರು ಡಾಕ್ಟರ್. “ಅದೇ ಕಷ್ಟ.”

ನೆರೆಯವನು ಬಾಗಿಲ ಬಳಿ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. “ಎಲುಬು ಒಂದೆರಡು ಮುರಿದಿರ್ಬೇಕು ಅಕ್ಕ,” ಎಂದ. “ಸದ್ದು ಕೇಳಿತು. ಅಲ್ಲಿಯ ಬೊಂಬೆಗೆ ಎಲುಬಿಲ್ಲ, ಎಷ್ಟು ಒತ್ತಿದ್ರೂ ಸುಮ್ಮನೆ ಮಲಗ್ತದೆ.”

“ಎಲುಬು ಹೋದ್ರೆ ಹೋಗ್ಲಿ ಮಾರಾಯ. ಮನುಷ್ಯ ಉಳಿದ್ರೆ ಎಲುಬು ಲೆಕ್ಕ ಹಾಕುವ,” ಎಂದಳು ಅಕ್ಕ. ಆದರೆ ಡಾಕ್ಟರ್ ತಲೆಯೆತ್ತಿದರು. ಮುರಿದ ಎಲುಬಿನಿಂದ ಎದೆಯೊಳಗೆ ರಕ್ತ ಒಸರುತ್ತಿದ್ದರೆ ತೆಳು ಮಾಡುವ ಮದ್ದು ಇನ್ನಷ್ಟು ಅಪಾಯ. ಎದ್ದು ಹೋಗಿ ಭಾವನ ಎದೆಗೆ ಮತ್ತೆ ಸ್ಟೆತಸ್ಕೋಪು ಇಟ್ಟರು.

ಅಕ್ಕ ನನ್ನ ಕೈ ಹಿಡಿದಳು. ಎಳೆದಳು ಎನ್ನಬೇಕು. ತಗ್ಗಿದ ಧ್ವನಿಯಲ್ಲಿ ಹೇಳಿದಳು: “ನೀನು ಒಂದು ಮಾತು ಹೇಳು ಸಾಕು. ಕಂಡೆ ಅಂತ. ಈಗಲೇ ಚುಚ್ತಾರೆ.”

“ಕಾಣದ್ದನ್ನು ಹೇಗೆ ಹೇಳ್ಲಿ?”

“ಕಾಣಲಿಲ್ಲ ಅಂತಲೂ ಹೇಳುದಿಲ್ವಲ್ಲ ನೀನು!”

ನಾನು ಕೊಳವೆಗಳತ್ತ ತಿರುಗಿದೆ.

ಹೊತ್ತು ತುಂಬಿತು. ಡಾಕ್ಟರ್ ಮೊದಲು ನನ್ನ ಕೊಳವೆಯನ್ನು ವಾಲಿಸಿದರು. ರಕ್ತ ಅಲ್ಲಾಡಲಿಲ್ಲ. ಪೂರ್ತಿ ತಲೆಕೆಳಗು ಮಾಡಿದರೂ ತಳದಲ್ಲಿ ಅಂಟಿಯೇ ಇತ್ತು. ನನ್ನದೇ ರಕ್ತದ ಈ ಮೊಂಡುತನ ಕಂಡು ನಾಚಿಕೆಯಾಯಿತು. ಆಮೇಲೆ ಭಾವನದು. ಅದು ಹರಿಯಲಿಲ್ಲ. ಗಂಜಿಯ ಹಾಗೆ ಅಲುಗಿತು, ಆದರೆ ಕೂತಿತ್ತು. ಅಕ್ಕನಿಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ. ಡಾಕ್ಟರ್ ಕೊಳವೆಯನ್ನು ಎಸೆಯದೆ ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿದರು. ಭಾವನ ಕಾಲಿನ ಪಕ್ಕ ಕೂತು ಆ ಎರಡು ಚುಕ್ಕೆಗಳ ಸುತ್ತ ಒತ್ತಿ ನೋಡಿದರು. ಬೈರಾಸನ್ನು ಬಿಚ್ಚಿ ಆಗಲೇ ಬಹಳ ಹೊತ್ತಾಗಿತ್ತು. ಬಾವು ಇರಲಿಲ್ಲ. ಮತ್ತೆ ಬಂದು ಕೊಳವೆ ವಾಲಿಸಿದರು.

ಈ ಸಲ ಹರಿಯಿತು. ಕಟ್ಟಿದ್ದು ನಮ್ಮ ಕಣ್ಣೆದುರೇ ಕರಗಿಹೋಗಿತ್ತು.

ಡಾಕ್ಟರ್ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮಂಡಲದ ಹಾವಿನ ವಿಷವಾದರೆ ಸಾಮಾನ್ಯವಾಗಿ ಹೆಪ್ಪು ಹಾಕುವ ಸಾಮಗ್ರಿಯೇ ಉಳಿದಿರುವುದಿಲ್ಲ, ಕಾಲೂ ಇಷ್ಟು ಹೊತ್ತಿಗೆ ಬಾತಿರುತ್ತದೆ ಎಂದರು. ಇದು ಕಟ್ಟುತ್ತದೆ, ಕಟ್ಟಿ ತಾನೇ ಬಿಚ್ಚಿಕೊಳ್ಳುತ್ತದೆ. ಹೃದಯ ನಿಂತವರಲ್ಲಿ ಹೀಗೆ ಕಾಣುವುದುಂಟು. “ಇದು ಸಾಕ್ಷಿ ಅಲ್ಲ, ಅಂದಾಜು,” ಎಂದರು. ಮಂಗಳೂರಿಗೆ ಫೋನು ಮಾಡಿದರು. ಬಾಟಲಿಗಳು ಮೇಜಿನಿಂದ ಎದ್ದವು. ಆದರೆ ಫ್ರಿಜ್ಜಿಗೆ ಹೋಗಲಿಲ್ಲ, ಐಸಿನ ಪೆಟ್ಟಿಗೆಯಲ್ಲಿ ಆಂಬುಲೆನ್ಸನ್ನು ಹತ್ತಿದವು. ದಾರಿಯಲ್ಲಿ ಕಾಲು ಬಾತರೆ ಕೊಡಲು.

ಅಕ್ಕ ಆಂಬುಲೆನ್ಸಿನಲ್ಲಿ ಕೂತಳು. ಬಾಗಿಲು ಹಾಕುವ ಮೊದಲು ನನ್ನನ್ನು ನೋಡಿ, “ಏನಾದ್ರೂ ಆದ್ರೆ ನಿನ್ನ ಮುಖ ನೋಡುದಿಲ್ಲ ನಾನು,” ಎಂದಳು.

*

ನಾವಿಬ್ಬರು ಜೀಪಿನಲ್ಲಿ ಆಂಬುಲೆನ್ಸಿನ ಹಿಂದೆ ಹೋದೆವು, ಈ ಸಲ ನೆರೆಯವನು ಸ್ಟಿಯರಿಂಗಿನಲ್ಲಿ. ಅನಂತಪುರ ದಾಟಿ ಹೈವೇಗೆ ಇಳಿದು ಬಂದ್ಯೋಡಿಗೆ ಬರುವಾಗ ರಸ್ತೆಯ ಕೆಲಸದಲ್ಲಿ ಲಾರಿಗಳು ಸಿಕ್ಕಿಬಿದ್ದಿದ್ದವು. ಮುಂದೆ ಆಂಬುಲೆನ್ಸಿನ ಸೈರನ್ ಒಂದೇ ಜಾಗದಲ್ಲಿ ನಿಂತು ಕೂಗುತ್ತಿತ್ತು. ಮೀನಿನ ಗಾಡಿಯವರು, ಅಂಗಡಿಯವರು ಇಳಿದು ಕೈ ಬೀಸಿ ದಾರಿ ಮಾಡಿಸುತ್ತಿದ್ದರು. ಕೊನೆಗೆ ಆ ಕೂಗು ಮುಂದೆ ಸರಿಯಿತು.

“ನೀನು ಬರುವಾಗ ಎಲೆಯ ಮೇಲೆ ಎಂತಾದ್ರೂ ಹೋದದ್ದು ಕಂಡ್ಯಾ?” ಎಂದು ಆಮೇಲೆ ಕೇಳಿದೆ.

“ನಾನು ಅಣ್ಣನ ಮುಖ ಬಿಟ್ಟು ಬೇರೆ ಎಂತದೂ ನೋಡ್ಲಿಲ್ಲ ಟೀಚರೇ.” ಗೇರು ಬದಲಿಸಿ ಮತ್ತೆ ಹೇಳಿದ: “ನೀವು ಹೀಗೇ ಕೇಳ್ತಾ ಇದ್ರೆ ನಾಳೆ ನನಗೂ ಕಂಡ ಹಾಗೆ ಆದೀತು. ಕೇಳ್ಬೇಡಿ.”

ಮಂಗಳೂರಿನ ಆಸ್ಪತ್ರೆಯಲ್ಲಿ ರಕ್ತದ ಚಿತ್ರ ಬರೆಯುವ ಯಂತ್ರ ಇತ್ತು. ಸಣ್ಣ ಬಟ್ಟಲಲ್ಲಿ ರಕ್ತ ಹಾಕುತ್ತಾರೆ, ಅದರಲ್ಲಿ ಒಂದು ಕಡ್ಡಿ ಮೆಲ್ಲಗೆ ಅತ್ತಿತ್ತ ತಿರುಗುತ್ತದೆ. ಪರದೆಯ ಮೇಲೆ ಒಂದೇ ಗೆರೆ ಹೋಗುತ್ತಿರುತ್ತದೆ. ರಕ್ತ ಕಟ್ಟಲು ತೊಡಗಿದಾಗ ಗೆರೆ ಎರಡಾಗಿ ಒಡೆದು ಅಗಲವಾಗುತ್ತದೆ. ಆರೋಗ್ಯದ ರಕ್ತದಲ್ಲಿ ಆ ಅಗಲ ಹಾಗೆಯೇ ಉಳಿಯುತ್ತದೆ. ಐಸಿಯುವಿನ ಡಾಕ್ಟರ್ ಭಾವನದನ್ನು ನನಗೆ ತೋರಿಸಿದರು. ಎರಡು ಗೆರೆಗಳು ಬಿರಿದು, ಮೀನಿನ ಹೊಟ್ಟೆಯಷ್ಟು ಅಗಲವಾಗಿ, ಮತ್ತೆ ಬಾಲದ ಹಾಗೆ ಕೂಡಿಹೋಗಿದ್ದವು. ಕಿಟಕಿ ದಂಡೆಯ ಮೇಲೆ ನಡೆದದ್ದೇ. ಲ್ಯಾಬಿನ ಅಂಕಿಗಳೂ ಅದನ್ನೇ ಹೇಳುತ್ತಿದ್ದವು: ಹೆಪ್ಪು ಹಾಕುವ ಪ್ರೋಟೀನು ತೀರಾ ಕಡಿಮೆ, ಕರಗಿದ ಹೆಪ್ಪಿನ ಚೂರುಗಳು ವಿಪರೀತ.

ಹೃದಯದ ನಾಳ ತೆರೆಯಬೇಕು, ಆದರೆ ಅದಕ್ಕೆ ರಕ್ತ ತೆಳು ಮಾಡಬೇಕು. ಈ ರಕ್ತವನ್ನು ಇನ್ನೂ ತೆಳು ಮಾಡಿದರೆ ತಲೆಯಲ್ಲೋ ಎದೆಯಲ್ಲೋ ಒಡೆದೀತು. ಕಾಯುವುದೂ ಅಪಾಯ. ಅವರು ಕಾದರು. ರಕ್ತದಿಂದ ಬೇರ್ಪಡಿಸಿದ ಹೆಪ್ಪಿನ ಸಾಮಗ್ರಿಯನ್ನು ಚೀಲ ಚೀಲವಾಗಿ ಕೊಟ್ಟರು, ಮತ್ತೆ ಚಿತ್ರ ತೆಗೆದರು. ಬಾಲ ಸ್ವಲ್ಪ ದೂರ ಹೋಗಿತ್ತು, ಆದರೂ ಕೂಡಿತ್ತು. ಅಕ್ಕ ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ನಡುವೆ ನೆರೆಯವನು ತಂದಿಟ್ಟ ಬಿಸ್ಕತ್ತಿನ ಪೊಟ್ಟಣ, ಒಡೆಯದೆ. ಕಾಲು ಬಾತಿತೇ ಎಂದು ಅಕ್ಕ ಬಂದು ಹೋಗುವ ನರ್ಸುಗಳನ್ನೆಲ್ಲ ಕೇಳುತ್ತಿದ್ದಳು. ಬಾತಿಲ್ಲ ಎಂಬ ಉತ್ತರ ಅವಳಿಗೆ ಸಮಾಧಾನ ಕೊಡುತ್ತಿರಲಿಲ್ಲ.

ಕೊನೆಗೊಂದು ಸಲ ಗೆರೆಗಳು ಬಿರಿದವು, ಬಿರಿದೇ ಉಳಿದವು. ಆಗ ಭಾವನನ್ನು ಒಳಗೆ ಒಯ್ದರು. ಹೃದಯದ ದೊಡ್ಡ ನಾಳವೊಂದು ಪೂರ್ತಿ ಕಟ್ಟಿತ್ತು. ಅದನ್ನು ತೆರೆದು ಸ್ಟೆಂಟ್ ಇಟ್ಟರು.

ಹಾಗಾದರೆ ಹಾವಲ್ಲ ಎಂದು ನಾನು ತಿಳಿದೆ. ಅಕ್ಕ ತಿಳಿದದ್ದು ಬೇರೆ. “ವಿಷದಿಂದಲೇ ನಾಳ ಕಟ್ಟಿದ್ದು,” ಎಂದಳು. ಕೆಲವು ಹಾವುಗಳ ವಿಷದಿಂದ ಹಾಗೂ ಆಗುವುದುಂಟೆಂದು ಅಲ್ಲಿಯ ಡಾಕ್ಟರೇ ಒಪ್ಪಿಕೊಂಡರು. ಆಗಿರುವ ಸಂಭವ ತೀರಾ ಕಡಿಮೆ ಎಂದೂ ಹೇಳಿದರು. ಅಕ್ಕ ಮೊದಲ ವಾಕ್ಯವನ್ನು ಮಾತ್ರ ಊರಿಗೆ ತಂದಳು.

*

ಭಾವ ಎಚ್ಚರಾದರು. ಆ ಬೆಳಿಗ್ಗೆ ಅವರಲ್ಲಿ ಪೂರ್ತಿ ಅಳಿಸಿಹೋಗಿತ್ತು. ತಿಂಡಿ ಎಂತ ತಿಂದದ್ದು ಎಂಬುದೂ ನೆನಪಿಲ್ಲ. ಅಳಿಸಿದ ಜಾಗವನ್ನು ಅಕ್ಕ ತುಂಬಿದಳು. ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಭಾವನೇ ಹೇಳತೊಡಗಿದರು. ಹಾವು ಎಲ್ಲಿ ಸುರುಳಿ ಸುತ್ತಿತ್ತು, ಹೇಗೆ ಊದಿತು, ಯಾವ ಕಾಲನ್ನು ಮೊದಲು ಎತ್ತಿದರು.

“ಅಣ್ಣ, ಹೋದ ವಾರ ಮೊಳದಷ್ಟಿದ್ದದ್ದು ಈಗ ಮಾರುದ್ದ ಆಗಿದೆ,” ಎಂದ ನೆರೆಯವನು. “ದಿನಾ ಹಾಲು ಹಾಕ್ತೀರಾ ಅದಕ್ಕೆ?”

“ನಿನಗೆ ಎಂತ ಗೊತ್ತು? ನನ್ನ ಎಲುಬು ಮುರಿದದ್ದು ಹಾವಲ್ಲ, ನೀನು,” ಎಂದರು ಭಾವ. ಎಲ್ಲರೂ ನಕ್ಕರು. ಬನದಲ್ಲಿ ನಾಗನಿಗೆ ತಂಬಿಲದ ಪೂಜೆ ಕೊಡಿಸಿ, ಕಡಿದ ಕಡೆ ಗಿಡ ನೆಡಿಸಿ ಆಗಿತ್ತು. ಕತೆಗೆ ಬೇಕಾದದ್ದೆಲ್ಲ ಕೂಡಿಬಂದಿತ್ತು.

ಆಮೇಲೆ ಒಂದು ಬೆಳಿಗ್ಗೆ ಅಕ್ಕ ಫೋನು ಮಾಡಿದಳು. ಆಸ್ಪತ್ರೆಯ ಆ ದಿನದ ಮೇಲೆ ಅವಳಾಗಿ ಮಾಡಿದ ಮೊದಲ ಫೋನು.

“ಮೊನ್ನೆಯಿಂದ ಮಾತ್ರೆ ನುಂಗುದಿಲ್ಲ ಇವರು.”

“ಯಾವ ಮಾತ್ರೆ?”

“ರಕ್ತ ತೆಳು ಮಾಡುದು. ಹಲ್ಲುಜ್ಜುವಾಗ ಸ್ವಲ್ಪ ರಕ್ತ ಬಂತು. ಅಷ್ಟಕ್ಕೇ, ಹಾವು ನನ್ನ ರಕ್ತ ನೀರು ಮಾಡಿತು, ಈಗ ಮಾತ್ರೆಯೂ ನೀರು ಮಾಡುದಾ ಅಂತ ಕೇಳ್ತಾರೆ. ವಿಷ ಇಳಿದಿದೆಯಂತೆ, ಇನ್ನು ಮದ್ದು ಬೇಡವಂತೆ. ಆ ಸ್ಟೆಂಟ್ ಕಟ್ಟಿದ್ರೆ ಎಂತ ಮಾಡುದು? ನಾನು ಹೇಳಿದ್ರೆ, ಹಾವು ಅಂತ ಹೇಳಿದ್ದೇ ನೀನಲ್ವಾ ಅಂತಾರೆ.”

ಮಾತ್ರೆ ಬಿಟ್ಟರೆ ಹೊಸ ಸ್ಟೆಂಟಿನೊಳಗೆ ರಕ್ತ ಕಟ್ಟಿ ಹೃದಯ ಮತ್ತೆ ನಿಲ್ಲಬಹುದೆಂದು ಮಂಗಳೂರಿನಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದ್ದರು. ಸಿಕ್ಕಿದ ಬಸ್ಸು ಹಿಡಿದು ಹೋದೆ.

ಭಾವ ಜಗಲಿಯಲ್ಲಿ ಕೂತು ರಬ್ಬರ್ ಕತ್ತಿ ಮಸೆಯುತ್ತಿದ್ದರು. ಮುಖದಲ್ಲಿ ಗೆಲುವಿತ್ತು, ಅದೇ ಹೆಚ್ಚು ಭಯ ಹುಟ್ಟಿಸಿತು. ಪಕ್ಕದ ತಟ್ಟೆಯಲ್ಲಿ ಆ ದಿನದ ಮಾತ್ರೆ ಹಾಗೆಯೇ ಇತ್ತು.

“ಬಂದ್ಯಾ ಟೀಚರೇ? ನಿನ್ನನ್ನೂ ಕರೆಸಿದ್ಲಾ?”

“ಮಾತ್ರೆ ಯಾಕೆ ಬಿಟ್ಟದ್ದು ಭಾವ?”

“ಹಾವು ಕಚ್ಚಿದವನಿಗೆ ಹೃದಯದ ಮಾತ್ರೆ ಎಂತಕ್ಕೆ? ನನಗೆ ಹೃದಯದ್ದು ಇತ್ತಾ ಯಾವಾಗಾದ್ರೂ? ಗುಡ್ಡ ಹತ್ತಿ ಇಳಿಯುವವನು ನಾನು.”

“ಹಾವು ಇರ್ಲಿಲ್ಲ.”

ಕತ್ತಿ ಕಲ್ಲಿನ ಮೇಲೆ ನಿಂತಿತು. “ನಿನಗೆ ಹೇಗೆ ಗೊತ್ತು?”

ಬಾಗಿಲ ಸಂದಿಯಲ್ಲಿ ಅಕ್ಕ ನಿಂತಿದ್ದಳು. ಆ ದಿನ ಕಂಡೆ ಎನ್ನು ಎಂದು ನನ್ನ ಕೈ ಹಿಡಿದು ಎಳೆದವಳು, ಈಗ ಅದರ ವಿರುದ್ಧದ್ದನ್ನು ಅದೇ ಕಣ್ಣುಗಳಿಂದ ಬೇಡುತ್ತಿದ್ದಳು. ಡಾಕ್ಟರಿಗೆ ಹೇಳಿದ್ದನ್ನೇ ಇಲ್ಲೂ ಹೇಳಬಹುದಿತ್ತು. ಏನೋ ಸರಿಯಿತು, ಏನೆಂದು ತಿಳಿಯದು ಎಂದು. ಅದು ನಿಜ. ಆ ನಿಜದ ಸಂದಿಯಲ್ಲಿ ಭಾವನ ಹಾವು ಸಲೀಸಾಗಿ ನುಸುಳಿ ಹೋಗುತ್ತಿತ್ತು.

“ನಾನು ಹಿಂದೆಯೇ ಇದ್ದದ್ದಲ್ವಾ,” ಎಂದೆ. “ಎಲ್ಲ ಕಂಡೆ. ನೀವು ಎದೆ ಹಿಡಿದುಕೊಂಡ್ರಿ, ಬಿದ್ರಿ. ಬಕೆಟಿನ ಹಾಲು ಚೆಲ್ಲಿ ಒಣಗಿದ ಎಲೆಯ ಅಡಿಯಲ್ಲಿ ಹರಿದುಕೊಂಡು ಹೋಯ್ತು. ಬಿಳಿ ಗೆರೆ. ಎಲೆ ಅಲುಗಿದ್ದು ಅದಕ್ಕೆ. ಬೇರೆ ಎಂತದೂ ಇರ್ಲಿಲ್ಲ.”

“ಕಾಲಿನ ಗುರುತು?”

“ಗೆರಟೆ ಕಟ್ಟುವ ತಂತಿ ತಾಗಿದ್ದು. ಬಿದ್ದಲ್ಲೇ ತಂತಿ ಇತ್ತು.”

ತಂತಿಯನ್ನು ನಾನು ಆ ಗಳಿಗೆಯಲ್ಲಿ, ಮಾತಿನಲ್ಲೇ, ಅಲ್ಲಿ ಇಟ್ಟೆ. ಬಾಯಿಂದ ಹೊರಬಿದ್ದ ಮೇಲೆ ನನಗೂ ತಿಳಿಯಿತು.

ಭಾವ ಅಕ್ಕನತ್ತ ತಿರುಗಿದರು. “ನೀನೆಂತ ಹೇಳ್ತೀ?”

ಅಕ್ಕ ಹೊಸ್ತಿಲು ದಾಟಿ ಬಂದಳು. “ನಾನು ಆಮೇಲೆ ಬಂದವಳು. ಅವಳು ಕಂಡದ್ದು,” ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಅವಳ ಹಾವು, ಅವಳ ಬನ, ಅವಳು ಕೊಡಿಸಿದ ತಂಬಿಲ ಎಲ್ಲವೂ ಆ ಮಾತಿನಲ್ಲಿ ಹೋಗುತ್ತಿದ್ದವು.

ಭಾವ ಕತ್ತಿಯ ಬಾಯಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಕೊನೆಗೆ, “ಇಷ್ಟು ಚಂದದ ಹಾವನ್ನು ಸುಮ್ಮನೆ ಕೊಂದ್ಯಲ್ಲ ಮಾರಾಯ್ತಿ,” ಎಂದು ಮಾತ್ರೆ ಎತ್ತಿಕೊಂಡರು. “ನೀರು ತಾ.”

ಈಗ ಆ ಜಾಗವನ್ನು ನೆನೆದರೆ ನನಗೆ ಹಾಲು ಕಾಣುತ್ತದೆ. ಎಲೆಯಡಿಯಲ್ಲಿ ಬಿಳಿ ಗೆರೆ, ಮರದ ಬುಡದಲ್ಲಿ ಬಾಗಿದ ತಂತಿ. ಅಂದು ಕಂಡದ್ದೋ ಜಗಲಿಯಲ್ಲಿ ಹೇಳಿದ ಮೇಲೆ ಕಂಡದ್ದೋ ಬೇರ್ಪಡಿಸಲಾರೆ. ನೆನಪಿನಿಂದ ಹಾವು ಪೂರ್ತಿ ಹೋಗಿದೆ, ಹಾಗೆ ಹೋದದ್ದನ್ನೂ ನಾನು ನಂಬುವುದಿಲ್ಲ. ನಾನು ಹೋದಾಗಲೆಲ್ಲ ಭಾವ ಮಾತ್ರೆಯನ್ನು ಅಂಗೈಯಲ್ಲಿ ಹಿಡಿದುಕೊಂಡೇ, “ಇನ್ನೊಮ್ಮೆ ಹೇಳು ನೋಡುವ, ಹಾಲು ಯಾವ ಕಡೆಗೆ ಹೋದದ್ದು?” ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಅಕ್ಕ ನೀರು ಹಿಡಿದು ನಿಂತಿರುತ್ತಾಳೆ.